ಹಾಲೆ ಮರಕ್ಕೆ ಕಟ್ಟಿದ ಗಂಟು

ಆಗ ನನಗೆ ನಲವತ್ತೆರಡು. ಅದಕ್ಕೆ ಈಗ ಮೂವತ್ತು ವರ್ಷವಾಯಿತು. ಈ ಸಲದ ಆಸಾಡಿ ಅಮಾವಾಸ್ಯೆಗೆ ಸೊಸೆ ಬ್ರಹ್ಮಾವರದಿಂದ ಕಷಾಯದ ಬಾಟಲಿ ತರಿಸಿದಳು. ಆ ಬೆಳಿಗ್ಗೆ ಬರಿಹೊಟ್ಟೆಗೆ ಹಾಲೆ ಕಷಾಯ ಕುಡಿಯುವುದು ನಮ್ಮ ಕಡೆಯ ರೂಢಿ. ಮುಚ್ಚಳ ತೆಗೆದದ್ದೇ ತಡ, ಹಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ ಕಹಿ, ಓಮ, ಬೆಳ್ಳುಳ್ಳಿ ಎಲ್ಲ ಒಟ್ಟಿಗೆ ಮೂಗಿಗೆ ಬಂತು. ಬಾಟಲಿಯದ್ದಾದರೂ ವಾಸನೆ ಅದೇ. ಕಿರಿಮಂಜೇಶ್ವರದ ನಮ್ಮ ನೆರೆಮನೆಯ ಅಜ್ಜ ಎದುರಿಗೆ ಬಂದು ಕೂತ ಹಾಗಾಯಿತು...

ಅವರು ಕಡಲಿಗೆ ಹೋಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಹೆಂಡತಿ ತೀರಿಹೋಗಿದ್ದರು. ಮನೆಯಲ್ಲಿ ಮಗ, ಸೊಸೆ, ಐದು ಮೊಮ್ಮಕ್ಕಳು. ಹಗಲೆಲ್ಲ ಜಗಲಿಯಲ್ಲಿ ಕೂತು ಹರಿದ ಬಲೆ ಕಟ್ಟುತ್ತಿದ್ದರು. ಊಟಕ್ಕೆ ಕೂತರೆ ಮಕ್ಕಳ ಬಟ್ಟಲಿನ ಮೀನಿನ ಮುಳ್ಳನ್ನೆಲ್ಲ ಬೆರಳಲ್ಲೇ ಹುಡುಕಿ ತೆಗೆದು, ಆಮೇಲೆ ತಾವು ಉಣ್ಣುವುದು. ಮುಸ್ಸಂಜೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೊಂದು ತಲೆ ಮುಟ್ಟಿ ಎಣಿಸುತ್ತಿದ್ದರು. ನೋಡಿದವರೆಲ್ಲ ಪ್ರೀತಿ ಎನ್ನುತ್ತಿದ್ದರು. ಪ್ರೀತಿಯೂ ಹೌದು. ಆದರೆ ಕಣ್ಣು ಕಾಣುತ್ತಿರಲಿಲ್ಲ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಆಸಾಡಿಯ ಕೆತ್ತೆ ತರುವುದು ಅವರದೇ ಕೆಲಸ. ಹಿಂದಿನ ಸಂಜೆ ಮನೆಯಾಚೆಯ ಕಾಡಿಗೆ, ನಮ್ಮ ಹಾಡಿಗೆ, ಹೋಗಿ ಹಾಲೆ ಮರಕ್ಕೆ ಗುರುತಿಗೊಂದು ಹುರಿಹಗ್ಗ ಕಟ್ಟಿ ಬರಬೇಕು. ಮರುದಿನ ಬೆಳಕು ಹರಿಯುವ ಮೊದಲು ಒಬ್ಬರೇ ಹೋಗಿ, ಹಗ್ಗ ತಡವಿ ನೋಡಿ, ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯಬೇಕು. ಆ ಮರಕ್ಕೆ ಕಬ್ಬಿಣ ತಾಗಿಸಬಾರದು. ಕಷಾಯವಾದ ಮೇಲೆ ಮೊದಲು ಅಜ್ಜ ಕುಡಿಯುವುದು. ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು. ತನಗೆ ಏನೂ ಆಗಲಿಲ್ಲ ಎಂದಾದ ಮೇಲೆ ಮಕ್ಕಳಿಗೆ. ಯಾಕೆಂದರೆ ನಮ್ಮ ಹಾಡಿಯಲ್ಲಿ ಹಾಲೆಯ ಪಕ್ಕದಲ್ಲೇ ಕಾಸರಕದ ಮರವಿತ್ತು. ಅದು ವಿಷ.

ಆ ವರ್ಷ ಹಿಂದಿನ ಸಂಜೆ ದನ ಹುಡುಕಿಕೊಂಡು ಹಾಡಿಗೆ ಹೋದವಳು ನೋಡುತ್ತೇನೆ, ಅಜ್ಜನ ಹಗ್ಗ ಕಾಸರಕಕ್ಕೆ ಸುತ್ತಿಕೊಂಡಿತ್ತು. ಕಲ್ಲಿನಿಂದ ಗೀರಿದೆ. ಹಾಲು ಬರಲಿಲ್ಲ. ಪಕ್ಕದ ಮರಕ್ಕೆ ಗೀರಿದೆ. ಬೆಳ್ಳಗೆ ಇಳಿಯಿತು. ಹಗ್ಗ ಬಿಚ್ಚಿ ಹಾಲೆಗೆ ಕಟ್ಟಿ ಮನೆಗೆ ಬಂದೆ. ಅಜ್ಜನ ಮಗನಿಗೆ ಹೇಳಲು ಅವರ ಅಂಗಳದವರೆಗೆ ಹೋಗಿದ್ದೆ. ಅಜ್ಜ ಜಗಲಿಯಲ್ಲಿ ಮಕ್ಕಳ ತಲೆ ಎಣಿಸುತ್ತಿದ್ದರು. ವಾಪಸು ಬಂದೆ.

ಬೆಳಿಗ್ಗೆ ಮತ್ತೆ ಅಜ್ಜನ ಮನೆಗೆ ಹೋದೆ. ಜಡಿಮಳೆ. ಒಲೆಯ ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಕಷಾಯಕ್ಕೆ ಹಾಕಿದಾಗ ಚುಂಯ್ ಎಂದು ಹೊಗೆ ಎದ್ದಿತು. ಆ ಹೊಗೆಯೊಳಗೆ ಅವರ ಮುಖ ಒಮ್ಮೆ ಕಂಡು ಒಮ್ಮೆ ಕಾಣದೆ... ಈಗಲೂ ನನಗೆ ಅವರು ಕಾಣುವುದು ಹಾಗೆಯೇ. ಕುಡಿದರು. ಕೂತರು. ಪ್ರತಿ ವರ್ಷಕ್ಕಿಂತ ಹೆಚ್ಚು ಹೊತ್ತು ಕೂತರು.

"ಅಜ್ಜಯ್ಯ, ಮೆಂತೆ ಗಂಜಿ ತಣ್ಣಗಾತ್ತ್!" ಎಂದಳು ದೊಡ್ಡ ಮೊಮ್ಮಗಳು.

"ಅಜ್ಜಯ್ಯನೇ ಎಲ್ಲಾ ಕುಡ್ದ್ ಮುಗ್ಸ್ತ್ರ್ ಕಾಣಿ," ಎಂದಿತು ಇನ್ನೊಂದು.

"ಸುಮ್ನೆ ಕೂಕಣಿ ಮಕ್ಳೆ. ಇನ್ನೊಂಚೂರ್."

ಕೊನೆಗೂ ಮಕ್ಕಳು ಮುಖ ಕಿವುಚಿಕೊಂಡು ಕುಡಿದು ಗಂಜಿಗೆ ಓಡಿದವು. ನಾನು ಹೊರಟಿದ್ದೆ. ಹಿಂದಿನಿಂದ ಕರೆದರು.

"ಏ ಹೆಣ್ಣೇ, ಬಾ ಇಲ್ಲಿ. ಆ ಗಂಟ್ ನಂದಲ್ಲ."

"ಎಂತ ಗಂಟ್ ಅಜ್ಜಯ್ಯ?"

"ಬಲೆ ಕಟ್ಟಿದ್ ಕೈ ಇದ್. ದನ ಕಟ್ಟು ಗಂಟ್ ಹಾಕಿದ್ಯಲೆ ನೀನ್."

ನನಗೆ ಸಿಟ್ಟು ಬಂತು. "ನಿಮ್ ಹಗ್ಗ ಕಾಸರಕದಲ್ಲಿದ್ದಿತ್. ಗಂಟ್ ಬೇರೆ ಅಂದ್ ಗೊತ್ತಾರೂ ಎಂತಕ್ಕೆ ಕುಡ್ದ್ರಿ?"

"ಮೂಸಿ ಕಂಡೆ, ಹಾಲೆಯೇ. ಆದ್ರೂ ಮೊದ್ಲ್ ನಾನ್ ಕುಡುದ್ ಅದಕ್ಕೇ ಅಲ್ದಾ?"

ಮಾಡಿನಂಚಿನಿಂದ ಮಳೆನೀರು ಬೀಳುತ್ತಿತ್ತು. ಆಮೇಲೆ ಸಣ್ಣ ದನಿಯಲ್ಲಿ, "ಮಗನಿಗ್ ಹೇಳ್ತ್ಯಾ?" ಎಂದರು.

ಹೇಳಿದರೆ ಮರುವರ್ಷ ಅಜ್ಜನನ್ನು ಹಾಡಿಗೆ ಬಿಡುವುದಿಲ್ಲ. ಹೇಳದಿದ್ದರೆ ಐದು ಮಕ್ಕಳು.

"ಬಪ್ಪ ವರ್ಷದಿಂದ ಹಗ್ಗ ನಾನ್ ಕಟ್ತೆ," ಎಂದೆ.

"ಹಾಂಗಾರೆ ಗಂಟ್ ಸಮ ಕಲಿ. ನಿನ್ ದನದ ಗಂಟ್ ಮುಟ್ಟುಕೆ ನಾಚ್ಕಿ ಆತ್ತ್ ನಂಗೆ."

ನನ್ನ ಬೆರಳುಗಳನ್ನು ಹಿಡಿದು ಕಲಿಸಿದರು. ಎರಡು ಸುತ್ತು, ಹಿಂದಿನಿಂದ ಒಳಗೆ, ಹೆಬ್ಬೆರಳಿನ ಕೆಳಗಿನಿಂದ ಹೊರಗೆ, ಆಮೇಲೆ...

ನಾಲ್ಕು ಆಸಾಡಿ ಹೀಗೆ ಕಳೆಯಿತು. ಸಂಜೆ ನಾನು ಕಟ್ಟುವುದು, ನಸುಕಿನಲ್ಲಿ ಅವರು ತಡವಿ ಕೆತ್ತೆ ತರುವುದು. ಮನೆಯವರಿಗೆ ಗೊತ್ತಾಗಲಿಲ್ಲ. ಐದನೆಯದಕ್ಕೆ ಅವರಿರಲಿಲ್ಲ. ಮಗ ಟಾರ್ಚು ಹಿಡಿದು ಹೋದ. ಹಗ್ಗ ಯಾರಿಗೂ ಬೇಕಾಗಲಿಲ್ಲ. ಮುಂದೆ ಒಂದು ಮಳೆಗಾಲದಲ್ಲಿ ಹಾಲೆ ಮರ ಗಾಳಿಗೆ ಬಿತ್ತು. ಕಾಸರಕ ಇನ್ನೂ ನಿಂತಿದೆ.

ಈ ಸಲ ಬಾಟಲಿಯ ಕಷಾಯವನ್ನು ಮೊದಲು ನಾನು ಕುಡಿದೆ. ಮೊಮ್ಮಕ್ಕಳನ್ನು ಕಾಯಿಸಿದೆ. "ಎಂತಕ್ಕೆ ಅತ್ತೆ, ಮಕ್ಳನ್ನ ಕೂರ್ಸಿದ್ರಿ?" ಎಂದಳು ಸೊಸೆ. ಮಕ್ಕಳ ಲೋಟಕ್ಕೆ ಕಷಾಯ ಬಗ್ಗಿಸಿದೆ.

ಮರುದಿನ ಬೆಳಿಗ್ಗೆ ಒಂದು ಹುರಿಹಗ್ಗ ತೆಗೆದುಕೊಂಡು ಜಗಲಿಯ ಕಂಬಕ್ಕೆ ಆ ಗಂಟು ಹಾಕಲು ನೋಡಿದೆ. ಎರಡು ಸುತ್ತು ಬಂತು. ಹಿಂದಿನಿಂದ ಒಳಗೆ ಬಂತು. ಆಮೇಲೆ ಬೆರಳು ನಿಂತಿತು. ಮೂರು ಸಲ ಬಿಚ್ಚಿದೆ, ಮೂರು ಸಲ ಸುತ್ತಿದೆ. ಕೇಳಲು ಯಾರೂ ಇಲ್ಲ. ಕಡೆಗೆ ದನದ ಗಂಟನ್ನೇ ಹಾಕಿ, ಹಗ್ಗವನ್ನು ಆಚೆ ಕಂಬಕ್ಕೆ ಎಳೆದು ಕಟ್ಟಿ, ಒದ್ದೆ ಬಟ್ಟೆ ಹರಡಿದೆ.