ಸೋರದ ಪೆಟ್ಟಿಗೆ

ನಾನು ಮಾಡಿದ ಪೆಟ್ಟಿಗೆ ಗಾಳಿ ಸೋರುತ್ತದೆ ಎಂದು ನಾಲ್ಕು ಜನರ ಮುಂದೆ ಹೇಳಿದವರು ನನ್ನ ಭಾವ. ಆ ಮಾತನ್ನು ನಾನು ಇವತ್ತಿಗೂ ನುಂಗಿಲ್ಲ, ನುಂಗುವುದೂ ಇಲ್ಲ. ಮೀಸೆ ಮೂಡುವ ಮೊದಲೇ ಶಾಲೆ ಬಿಟ್ಟು ಉಳಿ ಹಿಡಿದವನು ನಾನು. ಓದು ಬರಹ ಅಷ್ಟಕ್ಕಷ್ಟೇ. ಆದರೆ ನಾನು ಕೂಡಿಸಿದ ಎರಡು ಹಲಗೆಗಳ ನಡುವೆ ಯಾರಾದರೂ ಒಂದು ಕೂದಲು ತೂರಿಸಿ ತೋರಿಸಲಿ, ಅವತ್ತೇ ಅಂಗಡಿಗೆ ಬೀಗ ಹಾಕುತ್ತೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳಲ್ಲಿ ಅವರ ಕೈ ತಾಗದ ಲಿಫ್ಟೇ ಕಡಿಮೆ. ಒಳಗೆ ನಿಂತು, ಕಣ್ಣು ಮುಚ್ಚಿ, ಒಂದು ಸಲ ಮೇಲೆ ಹೋಗಿ ಕೆಳಗೆ ಬಂದರೆ ಯಾವ ಚಕ್ರ ಸವೆದಿದೆ, ಯಾವ ಬಾಗಿಲು ಉಜ್ಜುತ್ತಿದೆ ಎಂದು ಹೇಳುತ್ತಿದ್ದರು. ಮೆತ್ತನೆಯ ಮಾತಿನವರು. ನನ್ನ ಹಾಗೆ ಸಿಡಿಯುವವರಲ್ಲ. ಆದರೆ ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ನೀವು ಎಳೆದು ತೋರಿಸಿದರೂ ಅದು ಬಾಲ ಎನ್ನುತ್ತಾರೆ.

ಒಂದು ಕಟ್ಟಡದಲ್ಲಿ ಲಿಫ್ಟಿನ ತಳದ ಗುಂಡಿಯಲ್ಲಿ ಕೂತು ಕೆಲಸ ಮಾಡುವಾಗ ಲಿಫ್ಟಿನ ಸರಿತೂಕಕ್ಕೆ ಹಾಕುವ ಕಬ್ಬಿಣದ ತುಂಡು ಜಾರಿ ಅವರ ಮೊಣಕಾಲಿನ ಮೇಲೆ ಬಿತ್ತು. ಮೂಳೆ ಕೂಡಿತು, ಕಾಲು ಮಡಚದೇ ಹೋಯಿತು. ಏಣಿ ಹತ್ತಲಾರದ ಲಿಫ್ಟ್ ಮೆಕ್ಯಾನಿಕ್ ಯಾರಿಗೆ ಬೇಕು? ಕಂಪನಿಯವರು ಕೈಕುಲುಕಿ ಮನೆಗೆ ಕಳಿಸಿದರು. ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು, ಹಾಗಾಗಿ ಒಲೆ ಆರಲಿಲ್ಲ. ಆದರೆ ಭಾವನ ಕೈ ಸುಮ್ಮನೆ ಕೂರುವ ಕೈಯಲ್ಲ. ಮನೆಯ ಫ್ಯಾನು ಬಿಚ್ಚಿದರು, ಮಿಕ್ಸಿ ಬಿಚ್ಚಿದರು, ಚೆನ್ನಾಗಿ ನಡೆಯುತ್ತಿದ್ದ ಗೋಡೆ ಗಡಿಯಾರವನ್ನೂ ಬಿಚ್ಚಿದರು.

"ರೀ, ಇನ್ನು ಈ ಮನೇಲಿ ಬಿಚ್ಚೋದಕ್ಕೆ ಉಳಿದಿರೋಳು ನಾನೊಬ್ಬಳೇ" ಎಂದಳು ಅಕ್ಕ.

"ನಿನ್ನ ಸ್ಕ್ರೂ ಮೊದಲೇ ಲೂಸು. ಮುಟ್ಟೋಕೆ ಭಯ" ಎಂದರು ಭಾವ.

ಆಗ ಕಂಪನಿಯಲ್ಲಿ ಜೊತೆಗೆ ಕೆಲಸ ಮಾಡಿದ್ದ ಒಬ್ಬರು ಒಂದು ಜೋಡಿ ಸ್ಪೀಕರಿನ ಕಿಟ್ ತಂದುಕೊಟ್ಟರು. ಕಿಟ್ ಎಂದರೆ ಪೆಟ್ಟಿಗೆ ಬಿಟ್ಟು ಮಿಕ್ಕಿದ್ದೆಲ್ಲ: ದಪ್ಪ ಸದ್ದಿಗೆ ಊಟದ ತಟ್ಟೆಯಷ್ಟು ಅಗಲದ ವೂಫರ್, ಸಣ್ಣ ಸದ್ದಿಗೆ ಅಂಗಿಯ ಗುಂಡಿಯಷ್ಟು ಟ್ವೀಟರ್, ಯಾವ ಸದ್ದು ಯಾರ ಪಾಲಿಗೆ ಎಂದು ಹಂಚುವ ಕ್ರಾಸ್‌ಓವರ್ ಎಂಬ ಸಣ್ಣ ಹಲಗೆ, ಒಳಗೆ ತುಂಬುವ ಹತ್ತಿ, ಗಾಳಿ ಹೋಗಿ ಬರಲು ಒಂದು ಕೊಳವೆ, ಮತ್ತು ಅಳತೆಯ ನಕ್ಷೆ. ಪೆಟ್ಟಿಗೆ ನಾವೇ ಮಾಡಿಕೊಳ್ಳಬೇಕು. ನಕ್ಷೆ ಹಿಡಿದು ಭಾವ ಕುಂಟುತ್ತಾ ನನ್ನ ಅಂಗಡಿಗೆ ಬಂದರು.

"ಒಂದು ಚೂರು ಆಚೀಚೆ ಆಗಬಾರದು ಕಣೋ. ಒಳಗಿನ ಗಾಳಿ ಕೂಡ ಸ್ಪೀಕರಿನ ಒಂದು ಭಾಗ."

"ಗಾಳಿಗೂ ಅಳತೆಯಾ ಭಾವ? ಹಾಗಾದ್ರೆ ನೀವು ಇಷ್ಟು ದಿನ ಊದಿದ್ದಕ್ಕೆಲ್ಲ ಬಿಲ್ ಹಾಕಬೇಕಿತ್ತು" ಎಂದೆ. ನಕ್ಕರು. ಕಾಲಿಗೆ ಪೆಟ್ಟಾದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಪೆಟ್ಟಿಗೆ ಮಾಡಿ ಅವರು ವೈರು ಹಾಕಿದ ಆ ಮೊದಲ ಜೋಡಿ ಚೆನ್ನಾಗಿ ಬಂತು. ಚೆನ್ನಾಗಿ ಎಂದರೆ, ಹಾಡುವವಳು ಸಾಲು ಶುರುಮಾಡುವ ಮುಂಚೆ ಉಸಿರು ಎಳೆದುಕೊಳ್ಳುವುದು ಕೂಡ ಕೇಳಿಸಿತು. ಸಂಗೀತದ ಗಂಧ ಗಾಳಿ ಇಲ್ಲದ ನಾನೂ ಕೂತಲ್ಲಿಂದ ಏಳಲಿಲ್ಲ. ಅಕ್ಕನ ಮನೆಯ ಮುಂದಿನ ಕೋಣೆ ಕಾರ್ಖಾನೆಯಾಯಿತು. ಸೋಫಾ ಹೊರಗೆ ಹೋಯಿತು. ಅಕ್ಕ ದುಡಿದು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕಾಲು ನೀಡಿಕೊಳ್ಳುತ್ತಿದ್ದಳು, ಆದರೂ ದೂರು ಹೇಳಲಿಲ್ಲ. ಗಂಡ ಬೆಳಗ್ಗೆ ತಾನಾಗಿ ಏಳುತ್ತಿದ್ದಾನೆ, ಗಡ್ಡ ಹೆರೆದುಕೊಳ್ಳುತ್ತಿದ್ದಾನೆ, ಅದೇ ಅವಳಿಗೆ ದೊಡ್ಡದು.

ಸುದ್ದಿ ಹರಡಿ ಡಾನ್ಸ್ ಟೀಚರ್ ಒಬ್ಬರು ಬಂದರು. ಅವರ ಹಾಲಿಗೆ ಒಂದು ದೊಡ್ಡ ಜೋಡಿ ಬೇಕಿತ್ತು. ಅದು ಹಿಡಿಸಿದರೆ ಅವರಿಗೆ ಗೊತ್ತಿರುವ ಬೇರೆ ಕ್ಲಾಸುಗಳವರಿಗೂ ಹೇಳುತ್ತೇನೆ ಎಂದರು. ಭಾವನಿಗೆ ಇದು ಬರೀ ಆರ್ಡರ್ ಆಗಿರಲಿಲ್ಲ. ಮತ್ತೆ ಕೆಲಸದವನಾಗುವ ದಾರಿ ಅದೊಂದೇ ಎಂದು ಹಿಡಿದುಕೊಂಡಿದ್ದರು. ಅಕ್ಕನಿಗೆ ಒಂದು ಮಾತು ಹೇಳಿದ್ದರಂತೆ: "ಇದೊಂದು ಗೆದ್ದರೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಸೋತರೆ ನನ್ನನ್ನ ಏನೂ ಕೇಳಬೇಡ."

ನಾನು ಪೆಟ್ಟಿಗೆ ಮಾಡಿದೆ. ಸೊಂಟದೆತ್ತರ, ದಪ್ಪ ಹಲಗೆ, ಒಳಗೆ ಅಡ್ಡಪಟ್ಟಿ. ಹಿಂಭಾಗವನ್ನು ಬಿಚ್ಚಲಾಗದಂತೆ ಅಂಟು ಹಾಕಿ ಬಿಗಿದೆ. ಭಾವ ವೂಫರ್ ಕೂರುವ ಮುಂದಿನ ತೂತಿನಿಂದಲೇ ಮೊದಲನೆಯದಕ್ಕೆ ವೈರು ಹಾಕಿ ಒಂದನ್ನೇ ಹಚ್ಚಿ ಕೇಳಿದರು. ಕಿಟಕಿಯ ಗಾಜು ನಡುಗಿತು. ಭೇಷ್ ಎಂದರು. ಎರಡನೆಯದು ಮುಗಿದದ್ದು ಟೀಚರ್ ಬರುವ ದಿನವೇ, ಅವಸರದಲ್ಲಿ.

ಟೀಚರ್ ಬಂದರು, ಜೊತೆಗೆ ಇನ್ನಿಬ್ಬರು. ಮೇಲಿನ ಮನೆಯ ಯಜಮಾನರೂ ಇಳಿದು ಬಂದರು. ಭಾವ ಎರಡನ್ನೂ ಸೇರಿಸಿ ಹಾಡು ಹಚ್ಚಿದರು. ಸಣ್ಣ ಸದ್ದೆಲ್ಲ ಮುತ್ತಿನ ಹಾಗೆ ಬಂತು. ದಪ್ಪ ಸದ್ದು ಮಾತ್ರ ಎಲ್ಲಿ ಹೋಯಿತೋ! ಡೋಲು ಹೊಡೆದರೆ ರಟ್ಟಿನ ಡಬ್ಬ ತಟ್ಟಿದ ಹಾಗೆ.

"ನೆಲ ಸ್ವಲ್ಪ ನಡುಗಬೇಕು. ಹೆಜ್ಜೆ ಹಾಕೋರಿಗೆ ತಾಳ ಕಾಲಿಗೆ ಗೊತ್ತಾಗಬೇಕು ನೋಡಿ" ಎಂದರು ಟೀಚರ್, ಪಾಪ, ಮೆತ್ತಗೇ.

ಭಾವ ಬಟನ್ ತಿರುಗಿಸಿದರು, ಮತ್ತೆ ತಿರುಗಿಸಿದರು. ಹಣೆಯಲ್ಲಿ ಬೆವರು. ಆಮೇಲೆ ನನ್ನ ಕಡೆ ಕೈ ತೋರಿಸಿದರು.

"ಪೆಟ್ಟಿಗೆ ಸೋರ್ತಾ ಇದೆ. ನಮ್ಮ ಭಾವಮೈದ ಅವಸರದಲ್ಲಿ ಮಾಡಿದಾನೆ. ಸರಿಮಾಡಿಸಿ ಕೊಡ್ತೀನಿ."

ನನಗೆ ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. ಅಡುಗೆಮನೆಯಿಂದ ಮೇಣದ ಬತ್ತಿ ತಂದೆ. ಹಾಡು ನಡೆಯುತ್ತಿರುವಾಗಲೇ ಉರಿಯನ್ನು ಪೆಟ್ಟಿಗೆಯ ಒಂದೊಂದು ಸಂದಿಗೂ ಹಿಡಿದೆ. ಉರಿ ಅಲುಗಲಿಲ್ಲ. ಕೊಳವೆಯ ಬಾಯಿಗೆ ಹಿಡಿದೆ, ಕುಣಿದು ಆರಿಹೋಯಿತು.

"ನೋಡಿದ್ರಾ ಭಾವ? ಗಾಳಿ ಬರಬೇಕಾದ ಕಡೆಯಿಂದಲೇ ಬರ್ತಾ ಇದೆ. ನಿಮ್ಮ ವೈರು ನೋಡಿಕೊಳ್ಳಿ!"

"ಜೀವಮಾನವೆಲ್ಲ ಲಿಫ್ಟಿಗೆ ವೈರು ಹಾಕಿದವನು ನಾನು. ಒಂದು ವೈರು ತಪ್ಪಿದ್ರೆ ಜನ ಸಾಯ್ತಾರೆ. ನನಗೆ ವೈರು ಹೇಳಿಕೊಡ್ತೀಯಾ?"

"ಹಾಗಾದ್ರೆ ನನಗೆ ಮರ ಹೇಳಿಕೊಡಬೇಡಿ!"

ಚಪ್ಪಲಿ ಮೆಟ್ಟಿ ಹೊರಟುಬಂದೆ. ಆಮೇಲೆ ನಡೆದದ್ದೆಲ್ಲ ಅಕ್ಕನ ಬಾಯಿಂದ ಕೇಳಿದ್ದು.

ಅಕ್ಕ ಆ ಪೆಟ್ಟಿಗೆಗಳ ಧೂಳು ಒರೆಸುವಾಗ ಒಂದು ವಿಷಯ ಗಮನಿಸಿದ್ದಳಂತೆ. ಭಾವ ಸ್ವಿಚ್ ಹಾಕಿದ ತಕ್ಷಣ 'ಧಪ್' ಎಂದು ಒಂದು ಸದ್ದು ಬರುತ್ತದಲ್ಲ, ಆಗ ಒಂದು ವೂಫರ್ ಮುಂದಕ್ಕೆ ಉಬ್ಬುತ್ತಿತ್ತು, ಇನ್ನೊಂದು ಒಳಕ್ಕೆ ಸರಿಯುತ್ತಿತ್ತು.

"ರೀ, ಇವೆರಡೂ ಒಟ್ಟಿಗೆ ಮುಂದೆ ಬರಬೇಕಲ್ವಾ? ಒಂದು ಬಾ ಅಂದ್ರೆ ಇನ್ನೊಂದು ಹೋಗು ಅಂತಿದೆ. ಥೇಟ್ ನಮ್ಮಿಬ್ಬರ ಹಾಗೆ. ವೈರೇನಾದ್ರೂ ಉಲ್ಟಾ ಆಗಿದೆಯಾ?"

"ಬಟ್ಟೆ ಒಗೆಯೋದು ನಿನ್ನ ಕೆಲಸ. ಅದನ್ನ ಮಾಡು" ಎಂದರಂತೆ ಭಾವ. ಅದನ್ನೂ ಮೆತ್ತಗೆ.

ಅವಳು ಹೇಳಿದ್ದೇ ನಿಜ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದುಕೊಳ್ಳುತ್ತದೆ. ಇಬ್ಬರು ಮೇಜು ಎತ್ತುವಾಗ ಒಬ್ಬ ಎತ್ತಿ ಇನ್ನೊಬ್ಬ ಇಳಿಸಿದ ಹಾಗೆ. ದಪ್ಪ ಸದ್ದು ನಡುವಿನಲ್ಲೇ ಸತ್ತುಹೋಗುತ್ತದೆ. ಒಂದರ ವೈರನ್ನು ಹೊರಗೇ ತಿರುಗಿಸಿ ಹಾಕಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಉಗುರು ಕತ್ತರಿಸುವಷ್ಟು ಹೊತ್ತೂ ಬೇಡ. ಆದರೆ ತನ್ನ ಕೈ ತಪ್ಪಿರಬಹುದು ಎಂದು ಒಪ್ಪಿದವರು ತಾನೇ ತಿರುಗಿಸಿ ನೋಡುವುದು?

ಭಾವ ಗರಗಸ ತಂದು ಎರಡೂ ಪೆಟ್ಟಿಗೆಯ ಬೆನ್ನು ಕೊಯ್ದರು. ಮುಂದಿನ ತೂತಿನಿಂದ ಕೈಗೆ ಎಟುಕದ ಒಳಗಿನ ಸಂದಿಗೆ ಅಂಟು ಮೆತ್ತಲು. ಎರಡನೆಯದರ ಬೆನ್ನು ಕಳಚಿದಾಗ ವೂಫರಿನ ಹಿಂಬದಿ ಕಣ್ಣಿಗೆ ಬಿತ್ತು. ಕೆಂಪು ವೈರು ಮುಗಿದಿದ್ದರಿಂದ ಪ್ಲಸ್ಸಿಗೂ ಮೈನಸ್ಸಿಗೂ ಕಪ್ಪು ವೈರನ್ನೇ ಹಾಕಿದ್ದರು. ಗುರುತಿಗೆ ಸುತ್ತಿದ್ದ ಟೇಪಿನ ತುಂಡು ಹತ್ತಿಯೊಳಗೆ ಬಿದ್ದಿತ್ತು.

ಅಕ್ಕ ಕೆಲಸದಿಂದ ಬಂದಾಗ ಭಾವ ನೆಲದ ಮೇಲೆ, ಮಡಚದ ಕಾಲನ್ನು ನೀಡಿಕೊಂಡು, ಮರದ ಹೊಟ್ಟಿನ ನಡುವೆ ಕೂತಿದ್ದರಂತೆ. ವೈರುಗಳನ್ನು ಬದಲಿಸಿ ಹಾಕಿದ್ದರು. ಪೆಟ್ಟಿಗೆಗಳು ಉಪಯೋಗಕ್ಕೆ ಬಾರದಂತೆ ಹಾಳಾಗಿದ್ದವು. ಕೇಳಬೇಡ ಎಂದಿದ್ದರಲ್ಲ, ಅವಳು ಪೊರಕೆ ತಂದು ಹೊಟ್ಟು ಗುಡಿಸಿದಳಂತೆ. ಕಾದು ಕಾದು ಟೀಚರ್ ಅಂಗಡಿಯಿಂದ ರೆಡಿ ಸ್ಪೀಕರ್ ಕೊಂಡರು. ಬೇರೆ ಕ್ಲಾಸುಗಳ ಮಾತೂ ಅಲ್ಲಿಗೆ ಮುಗಿಯಿತು.

ಅಕ್ಕ ನನ್ನ ಅಂಗಡಿಗೆ ಬಂದಳು. ಎರಡು ವೂಫರುಗಳನ್ನು ಹಳೆಯ ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಬಂದಿದ್ದಳು.

"ಇನ್ನೊಂದು ಜೊತೆ ಪೆಟ್ಟಿಗೆ ಮಾಡಿಕೊಡೋ. ಅವರು ಮೊದಲಿನ ಜೋಡಿ ಕೂಡ ಹಚ್ಚೋದು ಬಿಟ್ಟಿದಾರೆ. ಗೋಡೆ ಕಡೆ ಮುಖ ಮಾಡಿ ಮಲಗಿರ್ತಾರೆ."

"ಬಂದು ಕೇಳಲಿ. ಪೆಟ್ಟಿಗೆ ಸೋರಲಿಲ್ಲ ಅಂತ ಆ ನಾಲ್ಕು ಜನರ ಮುಂದೆ ಹೇಳಲಿ."

"ಅವರು ಹೇಳಲ್ಲ ಕಣೋ. ನಿನಗೆ ಗೊತ್ತಿಲ್ವಾ?"

"ನಿನಗೆ ಅಂದಿದ್ದು? ಬಟ್ಟೆ ಒಗೆ ಅಂದಿದ್ದು? ಅದನ್ನಾದ್ರೂ ವಾಪಸ್ ತಗೊಂಡ್ರಾ?"

ಅವಳು ಟವೆಲ್ ಮಡಚತೊಡಗಿದಳು.

ನಾನು ಸುಮ್ಮನಿರುವ ಜಾತಿಯವನಲ್ಲ. ಅವತ್ತೇ ಹೋದೆ. ಭಾವ ಹಾಸಿಗೆಯ ಮೇಲೆ ಎದ್ದು ಕೂತರು. ಗಡ್ಡ ಬೆಳೆದಿತ್ತು.

"ನನ್ನ ವಿಷಯ ಬಿಡಿ ಭಾವ. ಅಕ್ಕ ಹೇಳಿದ್ದು ಸರಿ ಇತ್ತು ಅಂತ ಅವಳ ಎದುರಿಗೆ ಒಂದು ಮಾತು ಹೇಳಿ. ನಾಳೆನೇ ಪೆಟ್ಟಿಗೆ ತಂದಿಡ್ತೀನಿ."

ಅವರು ತಮ್ಮ ಕೈ ನೋಡಿಕೊಂಡರು.

"ಕಾಲು ಹೋಯ್ತು ಅಂತ ಎಲ್ಲರಿಗೂ ಗೊತ್ತು. ಈಗ ಕೈಯೂ ಹೋಯ್ತು ಅಂತ ನನ್ನ ಬಾಯಲ್ಲೇ ಹೇಳಿಸಬೇಕಾ ನಿನಗೆ?"

ನನಗೆ ಇನ್ನಷ್ಟು ಸಿಟ್ಟು ಬಂತು. ಬಾಗಿಲು ಎಳೆದುಕೊಂಡು ಬಂದೆ.

ಈಗ ಭಾವ ಅಕ್ಕನ ಆಸ್ಪತ್ರೆಯಲ್ಲೇ ಲಿಫ್ಟಿನೊಳಗೆ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಜನ ಹೇಳಿದ ಮಹಡಿಯ ಬಟನ್ ಒತ್ತುತ್ತಾರೆ. ಲಿಫ್ಟ್ ಏನಾದರೂ ಸದ್ದು ಮಾಡಿದರೆ ಬೇರೆ ಮೆಕ್ಯಾನಿಕ್ ಬರುತ್ತಾನೆ. ಇವರು ಸ್ಟೂಲ್ ಎತ್ತಿಕೊಂಡು ಪಕ್ಕಕ್ಕೆ ನಿಲ್ಲುತ್ತಾರೆ. ಯಾವ ಚಕ್ರ ಎಂದು ಬಾಯಿ ಬಿಡುವುದಿಲ್ಲವಂತೆ. ದಿನವೂ ನನ್ನ ಅಂಗಡಿಯ ಮುಂದೆಯೇ ಹೋಗುತ್ತಾರೆ, "ಊಟ ಆಯ್ತಾ?" ಎನ್ನುತ್ತಾರೆ. ನಾನೂ "ಆಯ್ತು ಭಾವ" ಎನ್ನುತ್ತೇನೆ.

"ಎಷ್ಟು ದಿನ ಅಂತ ಹೀಗೇ ಇರ್ತೀಯೋ? ನಾನು ಹೇಳಿದ್ದು ಸರಿ ಅನ್ನೋ ಆ ಮಾತು ನನಗೆ ಬೇಕು ಅಂತ ನಾನು ಯಾವತ್ತಾದ್ರೂ ಕೇಳಿದ್ನಾ?" ಎಂದಳು ಅಕ್ಕ ಮೊನ್ನೆ.

ಕೇಳಿಲ್ಲ, ನಿಜ. ಆದರೆ ಅದು ಅವಳಿಗೆ ಸಲ್ಲಬೇಕಾದದ್ದು, ಮತ್ತು ಇನ್ನೂ ಸಂದಿಲ್ಲ. ಹೊಸ ಪೆಟ್ಟಿಗೆಗಳಿಗೆ ಹಲಗೆ ಕೊಯ್ದು, ಅಂಚು ಹೆರೆದು, ಗೋಡೆಗೆ ಒರಗಿಸಿದ್ದೇನೆ. ಅಂಟು ಹಾಕಿಲ್ಲ.