ಸವಳು ನೀರಿನ ಹವಳ

ಜೇವರ್ಗಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡ್ರಾಯಿಂಗ್ ಮಾಸ್ತರರಿಗೆ ಅವರ ಹೆಂಡತಿಯ ಅಣ್ಣ ಮುಂಬೈಯಿಂದ ಗಾಜಿನ ತೊಟ್ಟಿಯೊಂದನ್ನು ತಂದುಕೊಟ್ಟಿದ್ದ. ಅದರಲ್ಲಿ ಸಮುದ್ರದ ನೀರು, ನೀರೊಳಗೆ ಜೀವಂತ ಕೆಂಪು ಹವಳ. ನೀರು ಆರಿ ಕಡಿಮೆಯಾದಂತೆಲ್ಲ ಮಾಸ್ತರರು ಹಿತ್ತಲ ಬಾವಿಯ ಸವಳು ನೀರು ಸುರಿದರು.

"ಉಪ್ಪು ಅಂದ್ರ ಉಪ್ಪರಿ. ಸಮುದ್ರಕ್ಕೇನು ಬ್ಯಾರೆ ಉಪ್ಪು ಇರ್ತದೇನು?"

ಹವಳ ಬೆಳ್ಳಗಾಗತೊಡಗಿತು. ಮಾಸ್ತರರು ತೊಟ್ಟಿಯಲ್ಲಿ ಬೆರಳು ಅದ್ದಿ, ನೆಕ್ಕಿ, ಕಣ್ಣು ಮುಚ್ಚಿ ಹೇಳಿದರು: "ನೀರಿಂದೇನೂ ತಪ್ಪಿಲ್ರಿ." ಬೆಳಕು ಹೆಚ್ಚಾಯಿತೆಂದು ಟವೆಲ್ ಹೊದಿಸಿದರು. ಆಮೇಲೆ ಕಡಿಮೆಯಾಯಿತೆಂದು ತೆಗೆದರು. ಒಗ್ಗರಣೆಯ ಘಾಟು ಬಡಿಯಿತೆಂದು ಅಡುಗೆಮನೆಯ ಬಾಗಿಲು ಮುಚ್ಚಿಸಿದರು. ಪ್ರತಿ ಸಲವೂ ಬೆರಳು ನೆಕ್ಕಿ ಅದೇ ಮಾತು: "ನೀರಿಂದೇನೂ ತಪ್ಪಿಲ್ರಿ."

ಕೊನೆಗೊಂದು ಸಂಜೆ, ನಾನು ಅಲ್ಲೇ ಕೂತಿದ್ದಾಗ, ಹೆಂಡತಿಯನ್ನು ಕರೆದರು. "ಪಾಪ, ಒಂಟಿಯಾಗಿ ಸೊರಗ್ಯದ. ಬಳಗ ಕಂಡ್ರ ಬಣ್ಣ ಬರ್ತದ. ನಿನ್ನ ತಾಳ್ಯಾಗಿನ ಹವಳ ಜರಾ ಕೊಡು, ನೀರಾಗ ಬಿಡ್ತೇನಿ."

ಆಕೆ ತಾಳಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು.

"ಅದು ಬೆಳ್ಳಗಾದ್ರ ಹವಳ ಹೋಗ್ತದ. ಇದು ಬೆಳ್ಳಗಾದ್ರ ನೀವು ಹೋಗ್ತೀರಿ!"

ಮಾಸ್ತರರು ತೊಟ್ಟಿಯ ಮೇಲೆ ಬಾಗಿದರು. ಬೆರಳು ಅದ್ದಲಿಲ್ಲ. ಮೊಟ್ಟಮೊದಲ ಬಾರಿಗೆ ನೀರನ್ನೇ ಅನುಮಾನದಿಂದ ನೋಡಿದರು.