ಬ್ಯಾಂಡೇಜು ಎಳೆಯದ ಆಯಮ್ಮ

ಬೆಳಗಿನ ಐದೂವರೆ. ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಆಯಮ್ಮ ಟಬ್ಬಿನ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುತ್ತಿದ್ದಾರೆ. ಒಂದು ಚೊಂಬು ತಣ್ಣೀರು ಬೆರೆಸಿ ಮತ್ತೆ ಅದ್ದುತ್ತಾರೆ. ಮೈಮೇಲೆ ಸಮವಸ್ತ್ರವಿಲ್ಲ, ಮನೆಯಲ್ಲಿ ಉಡುವ ಮಾಸಲು ಸೀರೆ. ಇವತ್ತು ಅವರಿಗೆ ರಜೆ. ಅವರು ಕೇಳದ ರಜೆ.

ಟಬ್ಬಿನ ಪಕ್ಕ ಕುಳಿತ ಇಪ್ಪತ್ತಾರರ ಹೆಣ್ಣುಮಗಳನ್ನು ನೀವು ಟೀವಿಯಲ್ಲಿ ನೋಡಿರಬಹುದು. ವಿಚಿತ್ರ ಕಾಯಿಲೆಗಳ ಸಾಕ್ಷ್ಯಚಿತ್ರದಲ್ಲಿ ಬಂದ ‘ಕಾಗದದ ಹುಡುಗಿ’ ಇವರೇ. ಹುಟ್ಟಿನಿಂದ ಬಂದ ಕಾಯಿಲೆ. ಬಟ್ಟೆ ಉಜ್ಜಿದರೂ ಚರ್ಮ ಗುಳ್ಳೆ ಎದ್ದು ಸುಲಿಯುತ್ತದೆ. ಕೈಕಾಲಿಗೆ ಸುತ್ತಿದ ಬ್ಯಾಂಡೇಜನ್ನು ದಿನ ಬಿಟ್ಟು ದಿನ ಬದಲಾಯಿಸಬೇಕು. ಒಂಬತ್ತು ವರ್ಷದಿಂದ ಅದನ್ನು ಬದಲಾಯಿಸುತ್ತಿರುವವರು ಆಯಮ್ಮ.

"ಎಳೀಬಾರ್ದು, ಅಷ್ಟೇ. ನೆನೆಸಿ ಕೂತ್ಕೋಬೇಕು. ಬಟ್ಟೆ ತಾನಾಗೇ ಬಿಡುತ್ತೆ. ಮೊದಲನೇ ವಾರ ನಾನೂ ಎಳ್ದುಬಿಟ್ಟೆ, ಗೊತ್ತಿರಲಿಲ್ಲ. ಚರ್ಮಾನೂ ಜೊತೇಲೇ ಬಂತು. ಅವತ್ತು ಮನೇಲಿ ಊಟ ಸೇರಲಿಲ್ಲ ನನಗೆ."

ಒಂದೂವರೆ ಗಂಟೆ ನೆನೆಯಬೇಕು. ಅಷ್ಟು ಹೊತ್ತೂ ಇಬ್ಬರೂ ಆ ಮನೆ ಈ ಮನೆ ಸುದ್ದಿ ಮಾತಾಡುತ್ತಾರೆ. ಆಯಮ್ಮನದು ದಿನಕ್ಕೆ ಹದಿನಾಲ್ಕು ಡ್ರೆಸ್ಸಿಂಗು. ಹತ್ತೊಂಬತ್ತು ವರ್ಷವಾದರೂ ಗುತ್ತಿಗೆ ಕೆಲಸ. ವರ್ಷಕ್ಕೊಮ್ಮೆ ತೆಗೆದುಹಾಕಿ ಮಾರನೆಯ ದಿನ ಮತ್ತೆ ಸೇರಿಸಿಕೊಳ್ಳುತ್ತಾರೆ. ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. ಎಲೆಮರೆಯ ಕಾಯಿ ಎಂದು ಇಂಥವರನ್ನು ಹೊಗಳುವುದು ನಮಗೆ ಅಭ್ಯಾಸ. ಎಲೆಯನ್ನು ಅಡ್ಡ ಹಿಡಿದವರು ಯಾರು ಎಂದು ಮಾತ್ರ ಕೇಳುವುದಿಲ್ಲ.

ಕಳೆದ ವರ್ಷ ಟೀವಿಯವರು ಬಂದಾಗ ಒಂದೂವರೆ ಗಂಟೆ ಕಾಯಲು ಅವರಿಗೆ ಪುರುಸೊತ್ತಿರಲಿಲ್ಲ. ನೆನೆಸದೆ ಬಿಚ್ಚಿ ಎಂದರು. ಆಯಮ್ಮ ಒಪ್ಪಲಿಲ್ಲ. ಸ್ಟೋರಿನಿಂದ ಹತ್ತಿ ತರಬೇಕೆಂದು ಆಯಮ್ಮನನ್ನೇ ಹೊರಗೆ ಕಳಿಸಿ, ಆ ವಾರವಷ್ಟೇ ಸೇರಿದ್ದ ನರ್ಸ್ ಕೈಯಲ್ಲಿ ಎಳೆಸಿದರು.

"ಮೆಟ್ಟಿಲ ಹತ್ರ ಇದ್ದೆ. ಅಲ್ಲೀವರೆಗೂ ಕೇಳಿಸ್ತು ಕೂಗು. ಓಡಿಬಂದೆ, ಆಗಿಹೋಗಿತ್ತು."

ಎಡಗಾಲಿನ ಹೊಸ ಚರ್ಮ ಮತ್ತೆ ಕೂಡಲು ಹನ್ನೊಂದು ವಾರ ಬೇಕಾಯಿತು. ಆ ಕೂಗೇ ಕಾರ್ಯಕ್ರಮದ ಜಾಹೀರಾತಾಯಿತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ನಾನೂ ಸೋಫಾದಲ್ಲಿ ಕೂತು ಅದನ್ನು ನೋಡಿ ಕಣ್ಣೊರೆಸಿಕೊಂಡವನು. ಈಗ ನೆನೆದರೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಅದರಲ್ಲಿ ಆಯಮ್ಮ ಕಾಣಿಸುವುದು ನಾಲ್ಕು ಸೆಕೆಂಡು, ಅದೂ ಬರೀ ಮೊಣಕೈ. "ನಮ್ಮನೆಯವರು ಬಂದೋರಿಗೆಲ್ಲ ನಿಲ್ಲಿಸಿ ನಿಲ್ಲಿಸಿ ತೋರಿಸ್ತಾರೆ, ಇದೇ ನಮ್ಮ ಹೀರೋಯಿನ್ನು ಅಂತ" ಎಂದು ನಗುತ್ತಾರೆ. ನನಗೆ ನಗು ಬರಲಿಲ್ಲ.

ಇವತ್ತು ಎರಡನೇ ಭಾಗದ ಚಿತ್ರೀಕರಣ. ಮತ್ತೆ ಬ್ಯಾಂಡೇಜು ಬಿಚ್ಚುವ ದೃಶ್ಯವೇ ಬೇಕಂತೆ. ಅದಕ್ಕೇ ಸೂಪರಿಂಟೆಂಡೆಂಟರು ಆಯಮ್ಮನಿಗೆ ರಜೆ ಕೊಟ್ಟರು. ಇವರು ಬಂದದ್ದು ಗೊತ್ತಾದರೆ ನಾಳೆ ಕೆಲಸವಿರುತ್ತದೋ ಇಲ್ಲವೋ.

ಏಳು ಗಂಟೆಗೆ ಕೊನೆಯ ಪಟ್ಟಿ ನೀರಿನಲ್ಲಿ ತಾನಾಗಿ ಬಿಟ್ಟುಕೊಂಡು ತೇಲುತ್ತದೆ. ಒಂದು ಹನಿ ರಕ್ತವಿಲ್ಲ. ಎಂಟಕ್ಕೆ ಹೊಸ ಬ್ಯಾಂಡೇಜು ಸುತ್ತಿ ಮುಗಿಯುತ್ತದೆ. ಒಂಬತ್ತಕ್ಕೆ ದೀಪ, ಕ್ಯಾಮೆರಾ ಹೊತ್ತವರು ಬರುತ್ತಾರೆ.

"ಇದೇನಿದು, ಆಗಲೇ ಮುಗಿಸಿಬಿಟ್ರಾ? ಇನ್ನೊಂದ್ಸಲ ಬಿಚ್ಚಿ" ಎನ್ನುತ್ತಾರೆ ನಿರ್ದೇಶಕರು.

"ಇನ್ನು ಬುಧವಾರವೇ ಬಿಚ್ಚೋದು. ಐದೂವರೆಗೆ ಬನ್ನಿ, ಒಂದೂವರೆ ಗಂಟೆ ನಮ್ಮ ಜೊತೆ ಕೂತ್ಕೊಳ್ಳಿ. ಆಗೋದಿಲ್ಲ ಅಂದ್ರೆ ನಾನು ಸಹಿ ಹಾಕಲ್ಲ" ಎಂದು ಆ ಹೆಣ್ಣುಮಗಳು ಚಿತ್ರೀಕರಣದ ಒಪ್ಪಿಗೆ ಕಾಗದವನ್ನು ಹಿಂದಕ್ಕೆ ಕೊಡುತ್ತಾರೆ.

ನಿರ್ದೇಶಕರು ಆಯಮ್ಮನ ಕಡೆ ತಿರುಗಿ, "ನೀವ್ಯಾರು?" ಎನ್ನುತ್ತಾರೆ. ಒಂದು ವರ್ಷದ ಹಿಂದೆ ಇದೇ ಕೋಣೆಯಿಂದ ಇವರನ್ನು ಆಚೆ ಕಳಿಸಿದವರು ಅವರೇ.

"ನಾನಾ? ರಜೇಲಿದ್ದೀನಿ" ಎಂದು ಆಯಮ್ಮ ಟಬ್ಬಿನ ನೀರು ಚೆಲ್ಲುತ್ತಾರೆ.

ಹೊರಡುವಾಗ, ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ.

"ನನ್ನ ಬಗ್ಗೆ ಬರೆದು ಏನಾಗ್ಬೇಕು? ಉಗುರುಬೆಚ್ಚಗಿನ ನೀರು, ಒಂದೂವರೆ ಗಂಟೆ ಅಂತ ಬರೀರಿ. ನಾಳೆ ನನ್ನ ಜಾಗಕ್ಕೆ ಯಾರು ಬರ್ತಾರೋ ಅವರು ಓದ್ಲಿ. ಎಳೀಬಾರ್ದು ಅನ್ನೋದನ್ನ ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿಸಿ."